ತೋರಿಸಿದ ಅನ್ನ

ಆ ಊರಿನಲ್ಲಿ ಮದ್ದು ಕೊಡುವವರಿಗೆ ಹಸಿವಾಗುವಂತಿರಲಿಲ್ಲ.

ಇದನ್ನು ಯಾರೂ ಡಂಗುರ ಹೊಡೆಸಿ ಹೇಳಿರಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿಯೂ ಇರಲಿಲ್ಲ. ಮದ್ದು ಕೊಡುವವರು ದೇವರು ಎಂದು ಊರಿನವರು ಮನಸಾರೆ ನಂಬಿದ್ದರು. ದೇವರ ಮುಂದೆ ಅನ್ನ ಇಡುತ್ತಾರೆ. ದೇವರು ಅದನ್ನು ನೋಡುತ್ತಾನೆ. ಆಮೇಲೆ ಭಕ್ತರು ಅದನ್ನು ಎತ್ತಿಕೊಂಡು ಹೋಗಿ ಉಣ್ಣುತ್ತಾರೆ. ಲೋಕವೆಲ್ಲ ನಡೆಯುವುದು ಹೀಗಿರುವಾಗ ತಮ್ಮ ಊರಿನಲ್ಲಿ ಮಾತ್ರ ಬೇರೆ ಥರ ಯಾಕೆ ನಡೆಯಬೇಕು ಎನ್ನುವುದು ಅವರ ವಾದ. ಭಕ್ತಿಯೇನೋ ದೊಡ್ಡದೇ. ಆ ಭಕ್ತಿಗೆ ಒಂದು ಕಾಳೂ ಖರ್ಚಾಗುತ್ತಿರಲಿಲ್ಲ ಎನ್ನುವ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಊರು ಹೊಳೆಯ ಈಚೆ ದಡದಲ್ಲಿತ್ತು. ನಡುವೆ ಊರಿನದೇ ಆಸ್ಪತ್ರೆ. ಉದ್ದನೆಯ ಒಂದು ಕೋಣೆ, ಸಾಲಾಗಿ ಮಂಚಗಳು, ಕೊನೆಯಲ್ಲೊಂದು ಮೇಜು, ಮೇಜಿನ ಹಿಂದೆ ವೈದ್ಯರು ಕೂರುವ ಎತ್ತರದ ಕುರ್ಚಿ. ಆಸ್ಪತ್ರೆಯ ಗೋಡೆಗೆ ಅಂಟಿಕೊಂಡು ಊರ ಕಣಜ. ಬೆಳೆದವರೆಲ್ಲ ತಮ್ಮ ಪಾಲನ್ನು ಅದಕ್ಕೆ ಸುರಿಯುತ್ತಿದ್ದರು, ಊರಿಗೆ ಬೇಕಾದದ್ದನ್ನು ಅದರಿಂದ ತೆಗೆಯುತ್ತಿದ್ದರು. ಅದರ ಬೀಗದ ಕೈ ಊರ ಯಜಮಾನನ ಸೊಂಟದಲ್ಲಿತ್ತು.

ಹೊತ್ತು ನೆತ್ತಿಗೆ ಬಂದಾಗ ಗಂಟೆಯವನು ಗಂಟೆ ಬಾರಿಸುತ್ತಿದ್ದ. ಯಜಮಾನ ಹಿತ್ತಾಳೆಯ ಹರಿವಾಣವನ್ನು ಎರಡು ಕೈಯಲ್ಲಿ ಹಿಡಿದು ಬರುತ್ತಿದ್ದ. ಅದರಲ್ಲಿ ಕಣಜದ ಅಕ್ಕಿಯ ಅನ್ನ, ಕಣಜದ ಬೇಳೆಯ ಸಾರು, ಒಂದು ಪಲ್ಯ, ಮೇಲೊಂದು ಮಿಳ್ಳೆ ತುಪ್ಪ. ಹರಿವಾಣ ಮೇಜಿನ ಮೇಲೆ ಕೂರುತ್ತಿತ್ತು. ಗಂಟೆಯವನು ಕುರ್ಚಿಯ ಮುಂದೆ ಪರದೆ ಎಳೆಯುತ್ತಿದ್ದ. ಹೊರಗೆ ನಿಂತ ಜನ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ರೆಪ್ಪೆ ಬಡಿಯುವಷ್ಟರಲ್ಲಿ ಒಂದು ಚಪ್ಪಾಳೆ, ಪರದೆ ಸರಿಯುತ್ತಿತ್ತು. ಹರಿವಾಣ ಹೇಗೆ ಒಳಗೆ ಹೋಗಿತ್ತೋ ಹಾಗೆಯೇ ಹೊರಗೆ ಬರುತ್ತಿತ್ತು. ಅದರ ಅನ್ನವನ್ನು ದೊಡ್ಡ ಹಂಡೆಯ ಅನ್ನಕ್ಕೆ ಬೆರೆಸಿ ಎಲ್ಲರಿಗೂ ಪ್ರಸಾದ ಹಂಚುತ್ತಿದ್ದರು. ಊರಿನವರು ಮೈ ಕೈ ತುಂಬಿಕೊಂಡು ಚೆನ್ನಾಗಿದ್ದರು.

ವೈದ್ಯರು ಬರುತ್ತಿದ್ದರು. ಎಲ್ಲೆಲ್ಲೋ ಕಲಿತು, ಹೆಗಲಿಗೊಂದು ಬುತ್ತಿಗಂಟು ಹಾಕಿಕೊಂಡು ಬರುತ್ತಿದ್ದರು. ಊರು ಅವರ ಕಾಲು ತೊಳೆಯುತ್ತಿತ್ತು, ಹಾರ ಹಾಕುತ್ತಿತ್ತು, ಎತ್ತರದ ಕುರ್ಚಿಯಲ್ಲಿ ಕೂರಿಸುತ್ತಿತ್ತು. ಬುತ್ತಿ ಇರುವ ತನಕ ಅವರು ಇರುತ್ತಿದ್ದರು. ಬುತ್ತಿ ಮುಗಿದ ಮೇಲೂ ಕೆಲವರು ನೀರು ಕುಡಿದುಕೊಂಡು ಇನ್ನಷ್ಟು ದಿನ ದೂಡುತ್ತಿದ್ದರು. ಆಮೇಲೆ ಒಂದು ಬೆಳಗ್ಗೆ ಕುರ್ಚಿ ಖಾಲಿಯಾಗಿರುತ್ತಿತ್ತು.

ಹೊಳೆಯ ಆಚೆ ದಡದಲ್ಲಿ ಇನ್ನೊಂದು ಆಸ್ಪತ್ರೆ ಇತ್ತು. ಹೋದವರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ. ಅಲ್ಲಿ ಯಾರೂ ಅವರ ಕಾಲು ತೊಳೆಯುತ್ತಿರಲಿಲ್ಲ, ಹೊಟ್ಟೆ ತುಂಬ ಊಟ ಹಾಕುತ್ತಿದ್ದರು. ರೋಗಿಗಳು ಆ ಹೊಸ್ತಿಲು ದಾಟಬೇಕಾದರೆ ಮೊದಲು ಒಂದು ಹೊಲ ಬಿಟ್ಟುಕೊಡಬೇಕಿತ್ತು. ಹೊಲ ಇದ್ದವರು ಹೋಗುತ್ತಿದ್ದರು. ಇಲ್ಲದವರು ಈಚೆ ದಡದ ಖಾಲಿ ಕುರ್ಚಿಗೆ ಕೈ ಮುಗಿದು ನರಳುತ್ತ ಮನೆಗೆ ಹೋಗುತ್ತಿದ್ದರು.

"ಹೊಟ್ಟೆಬಾಕರು" ಎಂದು ಊರು ಹೋದವರನ್ನು ಬೈಯುತ್ತಿತ್ತು. ಪ್ರಸಾದ ಉಂಡು, ಕೈ ತೊಳೆದು, ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬೈಯುತ್ತಿತ್ತು. "ಸೇವೆ ಮಾಡೋ ಬುದ್ಧಿನೇ ಇಲ್ಲ ಈಗಿನೋರಿಗೆ" ಎಂದು ತೇಗುತ್ತಿತ್ತು.

ಯಜಮಾನನೂ ಎಲ್ಲರ ಜೊತೆ ಬೈದವನೇ. ಅವನಿಗೆ ಹೆಂಡತಿ ತೀರಿಹೋಗಿದ್ದಳು, ಇದ್ದವಳು ಒಬ್ಬಳೇ ಮಗಳು. ಅವಳಿಗೆ ಮೊದಲ ಹೆರಿಗೆಯ ನೋವು ಬಂದ ದಿನ ಆಸ್ಪತ್ರೆಯ ಕುರ್ಚಿ ಖಾಲಿ ಇತ್ತು, ಹೊಳೆ ತುಂಬಿತ್ತು. ಆಚೆ ದಡಕ್ಕೆಂದು ದೋಣಿಯಲ್ಲಿ ಹೊರಟರು. ಕೂಸು ನಡುನೀರಿನಲ್ಲಿ ಹುಟ್ಟಿತು, ಅಳಲೇ ಇಲ್ಲ. ಈಗ ಅವಳು ಮತ್ತೆ ಬಸುರಿಯಾಗಿ ತವರಿಗೆ ಬಂದಿದ್ದಳು. "ದೋಣಿ ಮಾತ್ರ ಹತ್ತಲ್ಲ ಕಣಪ್ಪ. ಹೆತ್ತರೆ ಈ ದಡದಲ್ಲೇ ಹೆರ್ತೀನಿ, ಇಲ್ಲಾಂದ್ರೆ ಇಲ್ಲೇ ಸಾಯ್ತೀನಿ" ಎಂದಿದ್ದಳು.

ಕುರ್ಚಿಯಲ್ಲಿ ಈಗ ಒಬ್ಬ ವೈದ್ಯೆ ಇದ್ದಳು. ಅವಳ ಕೈಗುಣ ಒಳ್ಳೆಯದು ಎಂದು ಊರೆಲ್ಲ ಹೇಳುತ್ತಿತ್ತು. ಜ್ವರದವರ ಹಣೆಯ ಮೇಲೆ ಅವಳು ಕೈ ಇಟ್ಟರೆ ಅವರು ಕಣ್ಣು ಮುಚ್ಚುತ್ತಿದ್ದರು, ನರಳುವುದನ್ನು ನಿಲ್ಲಿಸುತ್ತಿದ್ದರು. ಮಗಳ ಹೆರಿಗೆಯ ತನಕ ಈ ವೈದ್ಯೆ ಊರು ಬಿಟ್ಟು ಹೋಗಬಾರದು. ಯಜಮಾನನಿಗೆ ಬೇಕಾಗಿದ್ದದ್ದು ಅದೊಂದೇ.

ವೈದ್ಯೆ ತಂದಿದ್ದ ಬುತ್ತಿಯಲ್ಲಿ ಹುರಿಹಿಟ್ಟು ಇತ್ತು, ಬೆಲ್ಲ ಇತ್ತು. ಗಂಟು ದಿನದಿನಕ್ಕೂ ಚಿಕ್ಕದಾಗುವುದನ್ನು ಯಜಮಾನ ನೋಡುತ್ತಿದ್ದ. ಒಂದು ದಿನ ಗಂಟಿನ ಬಟ್ಟೆ ಕಿಟಕಿಯ ಸರಳಿನ ಮೇಲೆ ಒಗೆದು ಒಣಹಾಕಿತ್ತು.

ಅದಾದ ಸ್ವಲ್ಪ ದಿನಕ್ಕೆ, ಇಳಿಹೊತ್ತಿನಲ್ಲಿ ಯಜಮಾನ ಆಸ್ಪತ್ರೆಯ ಕಡೆ ಬಂದ. ಕಿಟಕಿಯ ಹತ್ತಿರ ಬಂದವನು ಅಲ್ಲೇ ನಿಂತ. ಒಳಗೆ ಮಂಚದ ಮೇಲೆ ಒಬ್ಬಳು ಮುದುಕಿ ಮಲಗಿದ್ದಳು. ಅವಳು ಕುಡಿದು ಬಿಟ್ಟ ಗಂಜಿಯ ಬಟ್ಟಲು ವೈದ್ಯೆಯ ಕೈಯಲ್ಲಿತ್ತು. ವೈದ್ಯೆ ಗೋಡೆಯ ಕಡೆ ಮುಖ ಮಾಡಿಕೊಂಡು ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಮುದುಕಿಗೆ ಎಚ್ಚರವಿತ್ತು. ಅವಳು ಬೇಕೆಂದೇ ಕಣ್ಣು ಮುಚ್ಚಿಕೊಂಡಿದ್ದಳು.

 ಯಜಮಾನ ತಾನೇ ಕದ್ದು ಸಿಕ್ಕಿಬಿದ್ದವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಜೋರಾಗಿ ಕೆಮ್ಮಿದ. ಬಟ್ಟಲು ಕೆಳಗಿಟ್ಟ ಸದ್ದು ಕೇಳುವ ತನಕ ಕಾದು, ಬಾಗಿಲಿಗೆ ಬಂದು, "ಏನಿಲ್ಲ ತಾಯಿ, ತಮಗೊಂದು ಶಾಲು ನೇಯಿಸ್ತಾ ಇದೀವಿ, ಯಾವ ಬಣ್ಣ ಆಗಬಹುದು ಅಂತ ಕೇಳೋಕೆ ಬಂದೆ" ಎಂದ.

"ಯಾವುದಾದ್ರೂ ಸರಿ" ಎಂದಳು ವೈದ್ಯೆ. ಅವಳ ತುಟಿಯ ಅಂಚಿನಲ್ಲಿ ಒಂದು ಅಗುಳು ಅಂಟಿತ್ತು. ಯಜಮಾನ ನೆಲ ನೋಡುತ್ತಿದ್ದ.

ಮರುದಿನ ಅವನು ಆ ಕಿಟಕಿಗೆ ದಪ್ಪನೆಯ ಬಟ್ಟೆ ಕಟ್ಟಿಸಿದ. ಬಿಸಿಲು ಬೀಳಬಾರದೆಂದು ಜನಕ್ಕೆ ಹೇಳಿದ.

ವೈದ್ಯೆ ಸುಮ್ಮನಿರಲಿಲ್ಲ. ಕಟ್ಟೆಯ ಹತ್ತಿರ ಊರು ಸೇರಿದ್ದಾಗ ಅವಳೇ ನಡೆದುಬಂದಳು. ದೇವರು ಕುರ್ಚಿ ಬಿಟ್ಟು ಇಳಿದು ಬಂದದ್ದನ್ನು ಕಂಡು ಜನ ದಡಬಡಿಸಿ ಎದ್ದರು.

"ನನಗೆ ಹಸಿವಾಗ್ತದೆ. ಮಧ್ಯಾಹ್ನ ತಂದ ತಟ್ಟೆ ವಾಪಸ್ ಒಯ್ಯಬೇಡಿ. ಅಲ್ಲೇ ಬಿಡಿ" ಎಂದಳು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಗಂಟೆಯವನು ನಕ್ಕ. "ದೇವ್ರು ಪರೀಕ್ಷೆ ಮಾಡ್ತಾವ್ರೆ ನಮ್ಮನ್ನ" ಎಂದ.

"ಪರೀಕ್ಷೆ ಅಲ್ಲಪ್ಪ, ಹಸಿವು."

"ತಾಯಿ, ಒಂದು ಮಾತು. ತಮಗೆ ಸೇವೆ ಮುಖ್ಯವೋ ತುತ್ತು ಮುಖ್ಯವೋ?"

"ಎರಡೂ. ತುತ್ತು ಇಲ್ಲದೆ ಸೇವೆ ಎಷ್ಟು ದಿನ ನಡೀತದೆ? ನೀವು ನೇಗಿಲು ಕಟ್ಟೋ ಎತ್ತಿಗೆ ಹುಲ್ಲು ಹಾಕಲ್ವ?"

"ಎತ್ತಿಗೆ ಹಾಕ್ತೀವಿ ತಾಯಿ. ಆದ್ರೆ ಎತ್ತಿಗೆ ಯಾರೂ ಕೈ ಮುಗಿಯಲ್ಲವಲ್ಲ" ಎಂದ ಗಂಟೆಯವನು. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಜನ ಹೌದು ಹೌದು ಎಂದರು.

 ಯಜಮಾನನಿಗೆ ಆ ಗಂಜಿಯ ಬಟ್ಟಲು ಕಣ್ಣಿಗೆ ಕಟ್ಟಿತ್ತು. ತಟ್ಟೆ ಬಿಡೋಣ ಎನ್ನುವ ಮಾತು ಅವನ ಗಂಟಲಿನ ತನಕ ಬಂತು. ಅಷ್ಟರಲ್ಲಿ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಈ ವೈದ್ಯೆಗೆ ಹಸಿವಾಗುತ್ತದೆ ಎಂದಾದರೆ ಇವಳಿಗಿಂತ ಮುಂಚೆ ಬಂದವನಿಗೂ ಹಸಿವಾಗುತ್ತಿತ್ತು. ಅವನಿಗಿಂತ ಮುಂಚಿನವಳಿಗೂ ಆಗುತ್ತಿತ್ತು. ಹಾಗಾದರೆ ನಾವು ಇಷ್ಟು ಕಾಲ ಮಾಡಿದ್ದು ಪೂಜೆಯಲ್ಲ. ಹಾಗಾದರೆ ನಡುನೀರಿನ ಆ ಕೂಸು... ಯಜಮಾನ ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದ. ಒಬ್ಬ ವೈದ್ಯೆ ಹಸಿದಿರುವುದನ್ನು ನೋಡಬಹುದಿತ್ತು. ತನ್ನನ್ನು ತಾನು ನೋಡಿಕೊಳ್ಳುವುದು ಅವನಿಂದ ಆಗಲಿಲ್ಲ.

"ಕುರ್ಚಿ ಇನ್ನೊಂದಿಷ್ಟು ಎತ್ತರ ಮಾಡಿಸೋಣ" ಎಂದ.

ಊರಿಗೆ ಅದು ಬಹಳ ಒಪ್ಪಿಗೆಯಾಯಿತು. ಕಣಜದ ಬಾಗಿಲು ತೆರೆಯಿತು. ಬಡಗಿಗೆ ಅಕ್ಕಿ ಅಳೆದು ಕುರ್ಚಿ ಎತ್ತರ ಮಾಡಿಸಿದರು. ನೇಕಾರನಿಗೆ ಅಕ್ಕಿ ಅಳೆದು ಜರಿಯಂಚಿನ ಶಾಲು ನೇಯಿಸಿದರು. ಕುರ್ಚಿಯ ಮೇಲೆ ಹಿಡಿಯಲು ಬೆಳ್ಳಿ ಹಿಡಿಯ ಛತ್ರಿ ಬಂತು. ಆಸ್ಪತ್ರೆಯ ಮುಂದೆ ಕಲ್ಲಿನ ಕಮಾನು ಎದ್ದಿತು, ಅದಕ್ಕೆ ಸುಣ್ಣ ಬಣ್ಣ ಆಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಊರು ಮಲ್ಲಿಗೆಯ ತೋಟವನ್ನೇ ತಂದು ಆ ಹೆಣ್ಣುಮಗಳ ತಲೆಯ ಮೇಲೆ ಸುರಿಯಿತು. ಕಮಾನಿಗೆ ಖರ್ಚಾದ ಅಕ್ಕಿಯಲ್ಲಿ ಅವಳು ಜನ್ಮವಿಡೀ ಉಣ್ಣಬಹುದಿತ್ತು.

ವೈದ್ಯೆ ಎತ್ತರದ ಕುರ್ಚಿ ಹತ್ತುವಾಗ ಈಗ ಎರಡು ಕಡೆ ಹಿಡಿದುಕೊಂಡು ಹತ್ತುತ್ತಿದ್ದಳು. ಅವಳ ಬಳೆಗಳು ಮೊಣಕೈ ತನಕ ಸರಿಯುತ್ತಿದ್ದವು.

ಯಜಮಾನ ಇನ್ನೊಂದು ಕೆಲಸ ಮಾಡಿದ. ದೋಣಿಯವನನ್ನು ಕರೆದು, "ವೈದ್ಯೆಯನ್ನ ಆಚೆಗೆ ದಾಟಿಸಬೇಡ. ದೇವ್ರು ಹೊಳೆ ದಾಟಿದ್ರೆ ಊರಿಗೆ ಕೇಡು" ಎಂದ.

ದೋಣಿಯವನು ತಲೆ ಕೆರೆದುಕೊಂಡು, "ಇಷ್ಟು ದಿನ ದಾಟಿದವರು ದೇವ್ರಲ್ವ ಯಜಮಾನ್ರೇ?" ಎಂದ.

"ಹೇಳಿದಷ್ಟು ಮಾಡು" ಎಂದ ಯಜಮಾನ.

ಮಗಳಿಗೆ ನೋವು ಶುರುವಾದದ್ದು ಹಾಡುಹಗಲಿನಲ್ಲಿ. ಹೊತ್ತು ಇನ್ನೇನು ನೆತ್ತಿಗೆ ಬರುವುದರಲ್ಲಿತ್ತು. ಅವಳನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿಸಿದರು. ವೈದ್ಯೆ ಕುರ್ಚಿಯಿಂದ ಇಳಿದು ಬಂದು ಹೊಟ್ಟೆ ಮುಟ್ಟಿ ನೋಡಿದಳು. ಮತ್ತೆ ಮತ್ತೆ ಮುಟ್ಟಿ ನೋಡಿದಳು. ಆಗಲೇ ಗಂಟೆ ಹೊಡೆಯಿತು.

ಯಜಮಾನ ಹರಿವಾಣ ಹಿಡಿದು ಬಂದ. ಮಗಳು ನರಳುತ್ತಿದ್ದಾಳೆಂದು ಊರಿನ ಪದ್ಧತಿ ನಿಲ್ಲುವುದಿಲ್ಲ. ನಿಂತರೆ ದೇವರು ಮುನಿಯುತ್ತಾರೆ ಎಂದು ಅವನಿಗೆ ಇವತ್ತು ಬೇರೆ ದಿನಕ್ಕಿಂತ ಹೆಚ್ಚು ಭಯವಿತ್ತು. ಹರಿವಾಣ ಮೇಜಿನ ಮೇಲೆ ಕೂತಿತು. ವೈದ್ಯೆ ಹತ್ತಿರ ಬಂದು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಕೂಸು ಅಡ್ಡ ಮಲಗಿದೆ ಯಜಮಾನ್ರೇ. ಒಳಗೇ ತಿರುಗಿಸಬೇಕು. ನನ್ನ ಕೈ ನಡುಗ್ತಾ ಇದೆ. ಇವತ್ತು ಈ ತಟ್ಟೆ ಇಲ್ಲೇ ಇರಲಿ" ಎಂದಳು.

ಅವನು ಕೇಳಿಸಿಕೊಂಡ. ಚೆನ್ನಾಗಿಯೇ ಕೇಳಿಸಿಕೊಂಡ. ಅಷ್ಟರಲ್ಲಿ ಪರದೆ ಎಳೆದಾಯಿತು, ಹೊರಗೆ ಜನ ಕಣ್ಣು ಮುಚ್ಚಿದ್ದಾಯಿತು, ಚಪ್ಪಾಳೆ ಆಯಿತು. ಚಪ್ಪಾಳೆ ಕೇಳಿದ ಕೂಡಲೇ ಯಜಮಾನನ ಕೈಗಳು ಮುಂದೆ ಹೋಗಿ ಹರಿವಾಣ ಎತ್ತಿದವು. ಇಷ್ಟು ವರ್ಷ ಎತ್ತಿದ ಕೈಗಳು, ಯಾರನ್ನೂ ಕೇಳದೆ ಎತ್ತಿದವು. ಅನ್ನ ಹಂಡೆಗೆ ಬಿತ್ತು, ಹಂಡೆಯ ಸುತ್ತ ಜನ ಮುಗಿಬಿದ್ದರು, ಯಾರೋ ಯಜಮಾನನ ಅಂಗೈಗೂ ಒಂದು ತುತ್ತು ಇಟ್ಟರು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡ.

ಒಳಗಿನಿಂದ ಮಗಳು ಕೂಗಿದಳು. "ಅಪ್ಪಾ, ಅವರ ಕೈ ನಡುಗ್ತಾ ಇದೆ, ಅವರಿಗೆ ಉಣ್ಣೋಕೆ ಕೊಡಪ್ಪಾ."

ಯಜಮಾನನ ಬಾಯಿಯಲ್ಲಿ ಅನ್ನ ಇತ್ತು. ಉಗುಳುವಂತಿಲ್ಲ, ಪ್ರಸಾದ. ಅವನು ಅದನ್ನು ನುಂಗಿದ. ಆ ಒಂದು ತುತ್ತು ಇಳಿಯುವಾಗ ಆದಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಹಂಡೆಗೆ ಕೈ ಹಾಕಿದ. ತಳ ಬಳಿದಾಗಿತ್ತು. ಕಣಜದ ಅಕ್ಕಿ ಬೇಯಿಸುವಷ್ಟು ಹೊತ್ತಿರಲಿಲ್ಲ. ಅವನ ಮನೆಯಲ್ಲಿ ಒಲೆ ಹಚ್ಚಿ ಎಷ್ಟೋ ಕಾಲವಾಗಿತ್ತು, ಪ್ರಸಾದದಲ್ಲೇ ಅವನ ಹೊಟ್ಟೆ ನಡೆಯುತ್ತಿತ್ತು. ಅವನು ಪಕ್ಕದ ಮನೆಗೆ ಓಡಿದ.

"ಸ್ವಲ್ಪ ಅನ್ನ ಬೇಕಿತ್ತು."

"ಯಾರಿಗೆ ಯಜಮಾನ್ರೇ?"

ವೈದ್ಯೆಗೆ ಹಸಿವಾಗಿದೆ ಎಂದರೆ ಮುಗಿದುಹೋಗುತ್ತಿತ್ತು. ಅಷ್ಟು ಚಿಕ್ಕ ಮಾತು. ಆ ಮಾತು ಆಡಿದರೆ ಊರು ಕೇಳುತ್ತಿತ್ತು, ಕೇಳಿದರೆ ತಿಳಿಯುತ್ತಿತ್ತು, ತಿಳಿದರೆ ಎಲ್ಲರೂ ಯಜಮಾನನ ಕಡೆ ನೋಡುತ್ತಿದ್ದರು. 

"ದೇವ್ರಿಗೆ" ಎಂದ.

"ಅಯ್ಯೋ, ಅದಕ್ಕೇನಂತೆ" ಎಂದು ಮನೆಯಾಕೆ ಒಳಗೆ ಹೋದಳು. ತಟ್ಟೆ ತುಂಬ ಅನ್ನ ತಂದಳು. ಯಜಮಾನನ ಮುಂದೆ ಹಿಡಿದಳು. ಕಣ್ಣು ಮುಚ್ಚಿ ಏನೋ ಹೇಳಿಕೊಂಡಳು. ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ಮನೆಯಲ್ಲೂ ತಟ್ಟೆ ಬಂತು, ತೋರಿಸಿದರು, ಒಳಗೆ ಒಯ್ದರು. ಅದರ ಮುಂದಿನ ಮನೆಯಲ್ಲೂ ತಟ್ಟೆ ಬಂತು, ತೋರಿಸಿದರು, ಒಳಗೆ ಒಯ್ದರು. ಯಾರೂ ಇಲ್ಲ ಎನ್ನಲಿಲ್ಲ. ಯಾರೂ ಜಿಪುಣತನ ಮಾಡಲಿಲ್ಲ. ಒಬ್ಬಳು ಮೇಲೆ ಬೆಣ್ಣೆಯ ಮುದ್ದೆ ಇಟ್ಟು ತೋರಿಸಿದಳು. ದೇವರಿಗೆ ಕೊಡುವ ಕ್ರಮ ಅವರಿಗೆ ಗೊತ್ತಿದ್ದದ್ದು ಅದೊಂದೇ, ಅದನ್ನು ಕಲಿಸಿದ್ದು ಯಜಮಾನನೇ. ಬೀದಿಯ ಕೊನೆಗೆ ಬಂದಾಗ ಅವನ ಕಣ್ಣ ಮುಂದೆ ಊರಿನ ಅನ್ನವೆಲ್ಲ ಹಾದುಹೋಗಿತ್ತು. ಕೈ ಖಾಲಿ ಇತ್ತು. ದಿನಾ ಮಧ್ಯಾಹ್ನ ಪರದೆಯ ಹಿಂದೆ ಕೂರುವುದು ಎಂದರೆ ಏನು ಎಂದು ಅವನಿಗೆ ಅಲ್ಲಿ ಗೊತ್ತಾಯಿತು.

ಬೀದಿ ಮುಗಿದಲ್ಲಿ ಹೊಳೆ. ಹೊಳೆ ಈಗ ಇಳಿದಿತ್ತು. ಆಚೆ ದಡದ ಒಗ್ಗರಣೆಯ ವಾಸನೆ ಈಚೆಗೆ ಬರುತ್ತಿತ್ತು.

"ಬೇಗ ದಾಟಿಸು" ಎಂದ ದೋಣಿಯವನಿಗೆ.

ಆಚೆಯ ಆಸ್ಪತ್ರೆಯಲ್ಲಿ ಅದು ಊಟದ ಹೊತ್ತು. ಹಜಾರದಲ್ಲಿ ಸಾಲಾಗಿ ಮಣೆ ಹಾಕಿ ಕೂತು ಉಣ್ಣುತ್ತಿದ್ದವರನ್ನು ಯಜಮಾನ ಒಬ್ಬೊಬ್ಬರನ್ನಾಗಿ ಗುರುತು ಹಿಡಿದ. ಎಲ್ಲರ ಕಾಲನ್ನೂ ಅವನೇ ತೊಳೆದಿದ್ದ. ಎಲ್ಲರಿಗೂ ಅವನೇ ಹಾರ ಹಾಕಿದ್ದ. ಅವರಿಗೆ ಈಗ ಕೆನ್ನೆ ಬಂದಿತ್ತು. ಉಣ್ಣುವ ಕೈಗಳು ತಟ್ಟೆಯ ಮೇಲೆ ನಿಂತವು.

ಸಾಲಿನ ಕೊನೆಯಲ್ಲಿ ಮುದಿ ವೈದ್ಯನೊಬ್ಬ ಕೂತಿದ್ದ. ಯಜಮಾನನ ಮಗಳು ಹುಟ್ಟುವಾಗ ಅವಳನ್ನು ಎತ್ತಿಕೊಂಡದ್ದು ಅವನೇ. ಅವನು ತಲೆ ಎತ್ತಿ, "ಬನ್ನಿ ಯಜಮಾನ್ರೇ. ಶಾಲು ಹೊದಿಸೋಕೆ ಬಂದಿರಾ?" ಎಂದ.

ಆಗ ಯಜಮಾನ ನೋಡಿಕೊಂಡ. ವೈದ್ಯೆಗೆಂದು ನೇಯಿಸಿದ ಜರಿಯಂಚಿನ ಶಾಲು ಇವತ್ತು ಹೊದಿಸಲೆಂದು ಹೆಗಲ ಮೇಲೆ ಹಾಕಿಕೊಂಡದ್ದು ಹಾಗೆಯೇ ಇತ್ತು.

"ಅವರಿಗೆ ಹಸಿವಾಗಿದೆ" ಎಂದ.

"ಯಾರಿಗೆ?"

"ನಮ್ಮ ವೈದ್ಯೆಗೆ. ನನ್ನ ಮಗಳ ಹೊಟ್ಟೇಲಿ ಕೂಸು ಅಡ್ಡ ಇದೆ. ಅವರ ಕೈ ನಡುಗ್ತಾ ಇದೆ. ನಿಮಗೂ ಹಸಿವಾಗ್ತಿತ್ತು. ನನಗೆ ಗೊತ್ತಿತ್ತು."

 ಮುದಿ ವೈದ್ಯ ತನ್ನ ತಟ್ಟೆಯನ್ನು ನೋಡಿದ. ಆಗಷ್ಟೇ ಬಡಿಸಿದ್ದರು, ಇನ್ನೂ ಕೈ ಇಟ್ಟಿರಲಿಲ್ಲ. ಅದನ್ನು ಎತ್ತಿ ಯಜಮಾನನ ಕೈಗೆ ಕೊಟ್ಟ.

"ನನಗೇನು ಈ ದಡ ಇಷ್ಟ ಅಂದ್ಕೊಂಡ್ರಾ? ಇಲ್ಲಿ ಅರ್ಧ ಮಂಚ ಖಾಲಿ ಬಿದ್ದಿರ್ತದೆ. ಕೆಲಸ ಇದ್ದದ್ದು ನಿಮ್ಮ ದಡದಲ್ಲೇ. ಈಗಲೂ ಕನಸಲ್ಲಿ ನಿಮ್ಮೂರಿನ ಜನವೇ ಕೆಮ್ಮುತಾ ಬರ್ತಾರೆ" ಎಂದ. ಯಜಮಾನ ತಿರುಗಿ ಹೊರಟಾಗ ಹಿಂದಿನಿಂದ, "ಅದು ಪ್ರಸಾದ ಅಲ್ಲ. ದಾರೀಲಿ ಹಂಚಿಬಿಟ್ಟೀರಿ" ಎಂದ.

ಈಚೆ ದಡದಲ್ಲಿ ಸುದ್ದಿ ತಿಳಿದು ಊರೆಲ್ಲ ಸೇರಿತ್ತು. ಯಜಮಾನ ಎರಡು ಕೈಯಲ್ಲಿ ತಟ್ಟೆ ಹಿಡಿದು ದೋಣಿಯಿಂದ ಇಳಿದ. ದಾರಿಯ ಎರಡು ಬದಿಯಲ್ಲೂ ಜನ ನಿಂತಿದ್ದರು. ತಟ್ಟೆ ಹತ್ತಿರ ಬರುತ್ತಿದ್ದಂತೆ ಅವರ ಅಂಗೈಗಳು ತಾವಾಗಿ ಮುಂದೆ ಬಂದವು. ಬಲಗೈ ಮೇಲೆ, ಎಡಗೈ ಕೆಳಗೆ, ಪ್ರಸಾದಕ್ಕೆ ಹಿಡಿಯುವ ಹಾಗೆ. ಆಗತಾನೆ ಉಂಡ ಜನ. ಯಾರ ಮುಖದಲ್ಲೂ ಕೆಟ್ಟ ಬುದ್ಧಿ ಇರಲಿಲ್ಲ. ಅದನ್ನು ನೋಡಿ ಯಜಮಾನನಿಗೆ ಹೆದರಿಕೆಯಾಯಿತು. ಹೆಗಲ ಶಾಲು ಎಳೆದು ತಟ್ಟೆಯ ಮೇಲೆ ಮುಚ್ಚಿ, ಮೈಗೆ ಅವಚಿಕೊಂಡು ಓಡಿದ. ಶಾಲಿಗೆ ಸಾರು ಚೆಲ್ಲಿತು.

ಗಂಟೆಯವನು ಪರದೆ ಎಳೆಯಲು ಹೋದ.

"ಬಿಡಿ" ಎಂದಳು ವೈದ್ಯೆ.

ಅವಳು ಮಂಚದ ಪಕ್ಕದ ನೆಲದ ಮೇಲೆ ಕೂತು ಉಂಡಳು. ಬಾಗಿಲಲ್ಲಿ, ಬಟ್ಟೆ ಸರಿಸಿದ ಕಿಟಕಿಯಲ್ಲಿ ಊರು ನಿಂತು ನೋಡಿತು. ದೇವರ ಬಾಯಿ ಅಗಲವಾಗಿ ತೆರೆಯುತ್ತಿತ್ತು. ಸಾರು ಮೊಣಕೈಗೆ ಇಳಿಯುತ್ತಿತ್ತು. ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು, ಕೆಮ್ಮುತ್ತಲೇ ಇನ್ನೊಂದು ತುತ್ತು ಹಾಕಿಕೊಂಡಳು. ಮೊದಲು ಹೆಂಗಸರು ಮುಖ ಆಚೆ ತಿರುಗಿಸಿದರು. ಆಮೇಲೆ ಗಂಡಸರು. ಗಂಟೆಯವನು ಪರದೆಯ ತುದಿ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ಅದನ್ನು ಎಲ್ಲಿ ಬಿಡಬೇಕೋ ತಿಳಿಯಲಿಲ್ಲ.

ವೈದ್ಯೆ ಕೈ ತೊಳೆದಳು. ಎರಡು ಕೈಯನ್ನೂ ಮುಂದೆ ಚಾಚಿ ನೋಡಿಕೊಂಡಳು. ನಡುಕ ನಿಂತ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು.

ಕೂಸಿನ ಅಳು ಕೇಳಿದಾಗ ಬಿಸಿಲು ಇನ್ನೂ ಇತ್ತು. ಹೆಣ್ಣುಕೂಸು. ಯಜಮಾನ ಒಳಗೆ ಹೋದವನೇ ವೈದ್ಯೆಯ ಕಾಲಿಗೆ ಬೀಳಲು ಬಗ್ಗಿದ. ಅವಳು ಕಾಲು ಹಿಂದೆ ಎಳೆದುಕೊಂಡಳು.

"ಕಾಲಿಗೆ ಬೀಳೋದು ಸಾಕು ಯಜಮಾನ್ರೇ. ನಾಳೆ ಮಧ್ಯಾಹ್ನವೂ ನನಗೆ ಹಸಿವಾಗ್ತದೆ."

"ನಮ್ಮ ಮನೇಲಿ ಒಲೆ ಹಚ್ಚಿಸ್ತೀನಿ ತಾಯಿ. ದಿನಾ ನಮ್ಮ ಮನೆಯಿಂದಲೇ..."

"ನಿಮ್ಮ ಮನೆ ಊಟ ಬೇಡ. ನಿಮ್ಮ ಮಗಳ ಋಣ ತೀರಿದ ದಿನ ಅದು ನಿಲ್ತದೆ. ನಾನು ಊರಿನ ಕೆಲಸ ಮಾಡ್ತೀನಿ, ಊರಿನ ಊಟ ಬೇಕು. ಕಣಜದಿಂದ. ನಾನಿದ್ದರೂ ಸರಿ, ನನ್ನ ಆಮೇಲೆ ಯಾರು ಬಂದರೂ ಸರಿ. ಕೊಡೋದಾದ್ರೆ ಇರ್ತೀನಿ. ಇಲ್ಲಾಂದ್ರೆ ದೋಣಿಯವನಿಗೆ ಹೇಳಿ."

ಸಂಜೆ ಕಟ್ಟೆಯ ಹತ್ತಿರ ಊರು ಸೇರಿತು.  ಒಬ್ಬ, ಪೂರ್ತಿ ತಟ್ಟೆ ಬೇಕಾ ಅರ್ಧ ಸಾಲದಾ ಎಂದ. ಇನ್ನೊಬ್ಬ, ತುಪ್ಪ ಬಿಟ್ಟು ಕೊಡೋಣ ಎಂದ. ಮತ್ತೊಬ್ಬ, ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಆ ಊರು ತಿರುವಿಹಾಕಿತ್ತು. ದೇವರೇ ಬಾಯಿಬಿಟ್ಟು ಕೇಳಿದರೂ ಅಲ್ಲಿ ಪೂಜಾರಿಗಳ ಕೈ ಬಿಚ್ಚುತ್ತಿರಲಿಲ್ಲ. ಯಜಮಾನ ಎದ್ದು ಸೊಂಟದ ಬೀಗದ ಕೈ ಬಿಚ್ಚಿ ಕಟ್ಟೆಯ ಮೇಲೆ ಇಟ್ಟ. "ಪೂರ್ತಿ ತಟ್ಟೆ. ತುಪ್ಪ ಹಾಕಿ. ಆಗಲ್ಲ ಅನ್ನೋರು ಈ ಬೀಗದ ಕೈ ಎತ್ತಿಕೊಳ್ಳಿ, ನಾಳೆ ಬರೋ ಬಸುರಿಯರಿಗೆ ನೀವೇ ಉತ್ತರ ಹೇಳಿ" ಎಂದ. ಯಾರೂ ಎತ್ತಿಕೊಳ್ಳಲಿಲ್ಲ. ಯಜಮಾನನಿಗೆ ತಾನು ತೊಳೆದುಕೊಂಡು ಶುದ್ಧನಾದೆ ಎನಿಸಿತು. ಆ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ.

ಮರುದಿನ ಹೊತ್ತು ನೆತ್ತಿಗೆ ಬಂತು, ಗಂಟೆ ಹೊಡೆಯಿತು. ಯಜಮಾನ ಹರಿವಾಣ ತಂದು ಮೇಜಿನ ಮೇಲೆ ಇಟ್ಟ. ಪರದೆ ಇರಲಿಲ್ಲ, ಚಪ್ಪಾಳೆ ಇರಲಿಲ್ಲ. ವೈದ್ಯೆ ಅದನ್ನು ಕೆಳಗಿಳಿಸಿ, ಮೇಜಿನ ಮುಂದೆ ಒಂದು ಮಣೆಯ ಮೇಲೆ ಕೂತು ಉಣ್ಣತೊಡಗಿದಳು. ಯಜಮಾನ ಮಗಳ ಮಂಚದ ಅಂಚಿನಲ್ಲಿ ಕೂತು ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡ. ಕೂಸು ಅವನ ಕಿರುಬೆರಳು ಹಿಡಿದುಕೊಂಡು ಮಲಗಿತ್ತು. ಮಗಳು ದಿಂಬಿಗೆ ಒರಗಿ ಇಬ್ಬರನ್ನೂ ನೋಡುತ್ತಿದ್ದಳು.

ಹೊರಗೆ ಜನ ಹಂಡೆಯ ಸುತ್ತ ಕಾಯುತ್ತಿದ್ದರು. ವೈದ್ಯೆ ಅರ್ಧ ಅನ್ನ ಮುಗಿಸಿದಳು. ಇನ್ನೊಂದು ಸಲ ಸಾರು ಬಡಿಸಿಕೊಂಡಳು. ಪಲ್ಯ ಮುಗಿಯಿತು. ತುಪ್ಪದ ಮಿಳ್ಳೆ ಬಗ್ಗಿತು. ಹರಿವಾಣದ ಹಿತ್ತಾಳೆ ಮೆಲ್ಲಮೆಲ್ಲಗೆ ಕಾಣತೊಡಗಿತು. ಯಜಮಾನ ಅದರ ತಳವನ್ನು ಯಾವತ್ತೂ ನೋಡಿರಲಿಲ್ಲ.

"ಎಷ್ಟು ತಿಂತಾರಪ್ಪ" ಎಂಬ ಮಾತು ಕೇಳಿತು.

ಮೆಲ್ಲಗೆ ಆಡಿದ ಮಾತು, ಆದರೂ ಕೋಣೆಗೆಲ್ಲ ಕೇಳಿತು. ವೈದ್ಯೆಯ ಕೈ ಬಾಯಿಯ ಹತ್ತಿರ ನಿಂತಿತು. ಯಾರು ಹಾಗೆ ಅಂದವರು ಎಂದು ಯಜಮಾನ ಸಿಟ್ಟಿನಿಂದ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ನಿಂತವರು ಯಾರೂ ಬಾಯಿ ತೆರೆದಿರಲಿಲ್ಲ. ಅವರೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು.

 ಮಗಳು ಮುಂದೆ ಬಾಗಿ, ಅವನ ಕಿರುಬೆರಳಿನಿಂದ ಕೂಸಿನ ಹಿಡಿಯನ್ನು ಬಿಡಿಸಿ, ಅವನ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು.